ಸಿಂಪಡಣೆ ವಿಮಾನಕ್ಕೆ ಪಿಸ್ಟನ್ ಎಂಜಿನ್ನೋ, ಟರ್ಬೈನೋ?

ಬಾರಾಮತಿಯಲ್ಲಿ ವಿಮಾನ ಹಾರಿಸಲು ಕಲಿತು, ಮುಂದೆ ಹೊರದೇಶದಲ್ಲಿ ಬೆಳೆಗೆ ಔಷಧ ಸಿಂಪಡಿಸುವ ಕೆಲಸ ಹಿಡಿಯಬೇಕೆಂದಿರುವ ಪುಣೆಯ ನಮ್ಮ ಕನ್ನಡದ ಹುಡುಗರು ಈ ಪ್ರಶ್ನೆ ಕೇಳಿದಾಗ, ಬೆಳೆಯ ಮೇಲೆ ಮೂರು ಮೀಟರ್ ಎತ್ತರದಲ್ಲಿ ಎಂಜಿನ್ ನಿಂತರೆ ಏನಾಗುತ್ತದೆ ಎಂಬುದರಿಂದಲೇ ನಾನು ಉತ್ತರ ಆರಂಭಿಸುತ್ತೇನೆ.

600 ಅಶ್ವಶಕ್ತಿಯ ಹಳೆಯ ಆರ್-1340 ಪಿಸ್ಟನ್ ಎಂಜಿನ್ನಿಗೆ ಒಂಬತ್ತು ಸಿಲಿಂಡರ್‌ಗಳಿವೆ. ಒಂದು ಕೆಟ್ಟರೆ ವಿಮಾನವಿಡೀ ನಡುಗುತ್ತದೆ, ಗಾಜಿನ ಮೇಲೆ ಎಣ್ಣೆ ಹರಡಬಹುದು. ಆದರೂ ಹಲವು ಸಲ ಅಷ್ಟಿಷ್ಟು ಶಕ್ತಿ ಉಳಿದು, ನೆಲ ಆರಿಸಿಕೊಳ್ಳಲು ಸಮಯ ಸಿಗುತ್ತದೆ. ಪೂರ್ತಿ ನಿಂತಾಗ ಮಾತ್ರ, ಗಾಳಿಗೆ ತಿರುಗುವ ಪ್ರೊಪೆಲರ್ ವಿಮಾನವನ್ನು ಹಿಂದಕ್ಕೆಳೆಯುತ್ತದೆ.

ಪಿಟಿ6 ಟರ್ಬೈನ್ ಕೆಡುವುದು ಅಪರೂಪ. ಎಂಜಿನ್ ನಿಂತು ಅದರ ಪ್ರೊಪೆಲರಿನಲ್ಲಿ ಎಣ್ಣೆಯ ಒತ್ತಡ ಇಳಿದರೆ ಸ್ಪ್ರಿಂಗಿನ ಬಲದಿಂದ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುವುದರಿಂದ, ವಿಮಾನ ಇನ್ನಷ್ಟು ದೂರ ತೇಲುತ್ತದೆ. ಇಂಧನ ನಿಯಂತ್ರಕ ಕೆಟ್ಟು ಎಂಜಿನ್ ಮಂದಗತಿಗೆ ಇಳಿದರೆ ಕೈಯಿಂದ ಇಂಧನ ಹರಿಸುವ ಲಿವರ್ ಹಲವು ವಿಮಾನಗಳಲ್ಲಿದೆ. ಕೊಳ್ಳುವ ಮುನ್ನ ಅದನ್ನು ನೋಡಲೇಬೇಕು. ಬೆಲೆ ದೊಡ್ಡದಾದರೂ ನನ್ನ ಆಯ್ಕೆ ಟರ್ಬೈನೇ. ಇಂಧನದಲ್ಲಿ ನೀರು ಸೇರಿದರೆ ಎರಡೂ ನಿಲ್ಲುತ್ತವೆ.

ಯಾವುದೇ ಎಂಜಿನ್ ನಿಲ್ಲಲಿ, ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳುತ್ತಲೇ ತೊಟ್ಟಿಯ ಔಷಧವನ್ನು ಕೂಡಲೇ ಸುರಿದುಬಿಡಬೇಕು, ಹಿಂದಕ್ಕೆ ತಿರುಗಲು ಹೋಗದೆ ವಿದ್ಯುತ್ ತಂತಿ ತಪ್ಪಿಸಿ ಎದುರಿಗಿರುವ ಹೊಲದಲ್ಲೇ ಸಾಲುಗಳ ಉದ್ದಕ್ಕೆ ಇಳಿಯಬೇಕು. ಬಾರಾಮತಿಯ ಕಡೆಯಂಥ ಆಳೆತ್ತರದ ಕಬ್ಬಾದರೆ ಗರಿಗಳ ತುದಿಯನ್ನೇ ನೆಲವೆಂದು ಭಾವಿಸಿ ಮೂತಿ ಎತ್ತಬೇಕು.