ಇಸುಬಿಗೆ ಅರಿಶಿನವೋ, ಕರಿಜೀರಿಗೆಯೋ, ಲವಂಗವೋ?

ವಿಜಯಪುರದಲ್ಲಿ ಚಳಿಗಾಲದ ಒಣಗಾಳಿ ಶುರುವಾಯಿತೆಂದರೆ ನನ್ನ ಎರಡೂ ಕಣಕಾಲುಗಳಲ್ಲಿ ಇಸುಬು ಏಳುತ್ತದೆ. ಹನ್ನೊಂದು ವರ್ಷಗಳಾದವು. ರಾತ್ರಿ ಕೆರೆದು ಕೆರೆದು ಹಾಸಿಗೆಗೆ ರಕ್ತ ಹತ್ತುತ್ತಿತ್ತು. ವೈದ್ಯರ ಮುಲಾಮಿಗೆ ಇಳಿಯುತ್ತದೆ, ಬಿಟ್ಟರೆ ಮರಳುತ್ತದೆ. ಹೀಗಾಗಿ ಕಳೆದ ಕಾರ್ತಿಕದಲ್ಲಿ ಎಡಗಾಲಿಗೆ ಬರೀ ಗಾಣದ ಕುಸುಬಿ ಎಣ್ಣೆ, ಬಲಗಾಲಿಗೆ ಅದೇ ಎಣ್ಣೆಯಲ್ಲಿ ಮಸಾಲೆ ಬೆರೆಸಿ ಹಚ್ಚುತ್ತ ಬಂದೆ.

ಮೊದಲು ಅರಿಶಿನ. ತೇರದಾಳದ ಅತ್ತೆ ಕಳಿಸಿದ ಕೊಂಬನ್ನೇ ಕುಟ್ಟಿಸಿದೆ. ಬಣ್ಣ ಬೆರೆಸಿದ ಪುಡಿ ಬಿರಿದ ಚರ್ಮಕ್ಕೆ ತಾಗುವುದು ಬೇಡವಾಗಿತ್ತು. ನೀರಿನಲ್ಲಿ ಕಲಸಿ ಹಚ್ಚಿದ ದಿನ ಲೇಪ ಒಣಗಿ ಚರ್ಮವನ್ನು ಬಿಗಿದು ತುರಿಕೆ ಹೆಚ್ಚಿಸಿತು. ಅರಿಶಿನದ ಹಳದಿ ಸತ್ವ ಕರ್ಕ್ಯುಮಿನ್ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಒಂದು ಚಮಚ ಎಣ್ಣೆಗೆ ಒಂದು ಚಿಟಿಕೆ ಹಾಕಿ ಹಚ್ಚತೊಡಗಿದ ಮೇಲೆ ಮೂರನೆಯ ವಾರಕ್ಕೆ ಕೆಂಪು ಇಳಿಯಿತು. ಆದರೆ ಎಡಗಾಲಿನ ಬಿರುಕುಗಳೂ ಅಷ್ಟೇ ಕೂಡಿಕೊಂಡಿದ್ದವು! ಕುಸುಬಿ ಎಣ್ಣೆಯ ಲಿನೋಲಿಕ್ ಆಮ್ಲ ಚರ್ಮದ ತೇವ ಕಾಯುವ ಪದರಕ್ಕೆ ಬೇಕಾದದ್ದು. ಅರಿಶಿನಕ್ಕೆ ಸಲ್ಲುತ್ತಿದ್ದ ಹೊಗಳಿಕೆಯಲ್ಲಿ ದೊಡ್ಡ ಪಾಲು ಎಣ್ಣೆಯದೆಂದು ನನಗೆ ಅಂದೇ ಮನವರಿಕೆಯಾಯಿತು.

ಕರಿಜೀರಿಗೆಯ ಮಾತು ಬೇರೆ. ಕೊಳ್ಳುವಾಗ ಎಚ್ಚರ ಬೇಕು: ಶಾಹಿಜೀರಿಗೆಯನ್ನೂ ಕೆಲವರು ಇದೇ ಹೆಸರಿನಿಂದ ಕರೆಯುತ್ತಾರೆ. ನನಗೆ ಬೇಕಾದದ್ದು ಉಳ್ಳಾಗಡ್ಡಿ ಬೀಜದಂತೆ ಕಾಣುವ, ಮೂಲೆಮೂಲೆಯಾದ ಅಚ್ಚ ಕಪ್ಪು ಕಾಳು. ಕುಟ್ಟಿ, ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗಾಗಿಸಿ, ಎರಡು ದಿನ ನೆನೆಯಿಟ್ಟು ಸೋಸಿದೆ. ಹತ್ತನೆಯ ರಾತ್ರಿ ಬಲಗಾಲು ನನ್ನನ್ನು ಎಬ್ಬಿಸಲಿಲ್ಲ, ಎಡಗಾಲು ಎಬ್ಬಿಸಿತು. ಮೂರರಲ್ಲಿ ನನ್ನ ಆಯ್ಕೆ ಇದೇ. ಬಟ್ಟೆಗೆ ಹಳದಿ ಕಲೆಯೂ ಇಲ್ಲ.

ಲವಂಗವನ್ನು ಯಾರಿಗೂ ಹೇಳಲಾರೆ. ಹಲ್ಲುನೋವು ಮರೆಸುವ ಅದರ ಸತ್ವ ಯುಜೆನಾಲ್ ಬಿರಿದ ಚರ್ಮದಲ್ಲಿ ಬೆಂಕಿಯಾಯಿತು. ಒಂದೇ ಸಲಕ್ಕೆ ಗುಳ್ಳೆ ಎದ್ದು ಮೂರು ದಿನ ಕಾಲುಚೀಲ ಹಾಕಲಾಗಲಿಲ್ಲ. ದಾಲ್ಚಿನ್ನಿಯೂ ಚರ್ಮಕ್ಕೆ ಅಲರ್ಜಿ ತರುವಂಥದ್ದೇ, ಮುಟ್ಟಲಿಲ್ಲ.

ಈಗ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ, ಕರಿಜೀರಿಗೆ ಎಣ್ಣೆ ಹಚ್ಚುತ್ತೇನೆ. ಗಾಯದಲ್ಲಿ ನೀರು ಒಸರಿದರೆ ಎಣ್ಣೆಯನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗುತ್ತೇನೆ. ತಂಗಿಯ ಮಗಳಿಗೂ ಇದೇ ಬಾಧೆ ಶುರುವಾಗಿದೆ. ನಿನ್ನೆ ಅವಳ ಮುಂಗೈಯ ಒಳಬದಿಗೆ ಒಂದೇ ಹನಿ ಹಚ್ಚಿದ್ದೇವೆ. ನಾಳೆಯವರೆಗೂ ಕೆಂಪಾಗದಿದ್ದರೆ ಮಾತ್ರ ಕಾಲಿಗೆ.