ಹಳೇ ಮಿನಿ ಸಿಸ್ಟಮ್, ಬೋರ್ಡ್ ಆಂಪ್ಲಿಫೈಯರ್, ಪವರ್ಡ್ ಸ್ಪೀಕರ್, ಟವರ್: ಹಾಲ್‌ಗೆ ಯಾವುದು ಸೈ?

ದಾವಣಗೆರೆಯ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, "ಮನೇಲಿ ಹಾಡು ಕೇಳೋಕೆ ಏನಾದ್ರೂ ತೋರ್ಸಿ ಅಣ್ಣಾ" ಅಂದರೆ ಮೊದಲು ಮುಂದೆ ಬರುವುದು ಬಣ್ಣದ ದೀಪ ಮಿನುಗಿಸುವ ಬ್ಲೂಟೂತ್ ಟವರ್. ಅದು ಬೇಡವೆಂದರೆ ಸೌಂಡ್‌ಬಾರ್. ಎರಡೂ ಜೋರಾಗಿವೆ, ಎರಡನ್ನೂ ಹಚ್ಚುವುದು ಸುಲಭ. ಆದರೆ ಎಡ ಬಲದ ಸ್ಪೀಕರ್ ಒಂದೇ ಡಬ್ಬಿಯಲ್ಲಿ ಗೇಣು ಅಂತರದಲ್ಲಿ ಕೂತಿದ್ದರೆ ಅದಕ್ಕೆ ಸ್ಟೀರಿಯೋ ಅನ್ನಲು ಮನಸ್ಸು ಬರುವುದಿಲ್ಲ. ಈ ಹೋಲಿಕೆಯಲ್ಲಿ ನಾವು ನೋಡಿದ್ದು ಮುಖ್ಯವಾಗಿ ಅದನ್ನೇ: ಹಾಡುವವರು ಎರಡು ಸ್ಪೀಕರ್‌ಗಳ ನಡುವೆ ನಿಂತು ಹಾಡಿದ ಹಾಗೆ ಕೇಳಿಸುತ್ತದೆಯೋ, ಡಬ್ಬಿಯೊಳಗಿಂದ ಹಾಡಿದ ಹಾಗೋ.

ಕೇಳಿದ ಜಾಗ 11x14 ಅಡಿಯ ಹಾಲ್. ಆರ್‌ಸಿಸಿ ಚಾವಣಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಬದಿಗೆ ಸೋಫಾ, ಎದುರಿಗೆ ಶೋಕೇಸ್. ನಮ್ಮ ಕಡೆಯ ಬಹುಪಾಲು ಹೊಸ ಮನೆಗಳ ಹಾಲ್ ಹೀಗೇ ಇರುತ್ತದೆ. ಹಾಕಿ ನೋಡಿದ್ದು ಕಾಲು ಹಾರ್ಮೋನಿಯಂ ಇರುವ ರಂಗಗೀತೆ, ವಾದ್ಯವೇ ಇಲ್ಲದ ಹೆಣ್ಣುಮಕ್ಕಳ ಸೋಬಾನೆ ಪದ, ರೇಡಿಯೋ ವಾರ್ತೆ, ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್. ಸ್ಪೀಕರ್‌ನ ಬಂಡವಾಳ ಬೇಗ ಬಯಲಾಗುವುದು ವಾದ್ಯವಿಲ್ಲದ ದನಿಯಲ್ಲಿ. ಅಲ್ಲಿ ಬೇಸ್ ಬಡಿದು ಕಿವಿಗೆ ಮಂಕುಬೂದಿ ಎರಚಲು ಆಗುವುದಿಲ್ಲ.

ವಾಟಿನ ಭ್ರಮೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ಡಬ್ಬಿಯ ಮೇಲೆ "5000 ವಾಟ್ ಪಿಎಂಪಿಒ" (ಜಾಹೀರಾತಿಗೆ ಉಬ್ಬಿಸಿ ಹೇಳುವ ಕ್ಷಣಮಾತ್ರದ ಅಂಕಿ) ಎಂದಿದ್ದರೆ ಹಿಂಬದಿಯ ತಗಡು ನೋಡಿ. ಅಲ್ಲಿ ವಿದ್ಯುತ್ ಬಳಕೆ 60 ವಾಟ್ ಎಂದಿದ್ದರೆ ಸತತವಾಗಿ ಹೊರಬರುವ ಶಬ್ದದ ಶಕ್ತಿ ಅದಕ್ಕಿಂತ ಕಡಿಮೆಯೇ ಇರಬೇಕು, ಎಲ್ಲಿಂದಲೋ ಉದುರುವುದಿಲ್ಲ. ನಂಬಬೇಕಾದ್ದು ಸತತವಾಗಿ ಕೊಡಬಲ್ಲ ಶಕ್ತಿ ಹೇಳುವ ಆರ್‌ಎಂಎಸ್ ಅಂಕಿ. ಅದೂ ಜಾಸ್ತಿ ಬೇಕಿಲ್ಲ. 87 ಡೆಸಿಬೆಲ್ ಸಂವೇದನೆಯ (1 ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಮಾಡುವ) ಸ್ಪೀಕರ್‌ಗೆ 1 ವಾಟ್ ಕೊಟ್ಟರೆ ಎಂಟಡಿ ದೂರದ ಸೋಫಾದಲ್ಲಿ ಕೂತವರು ಮಾತಾಡಲು ದನಿ ಏರಿಸಬೇಕಾಗುತ್ತದೆ. ತಬಲಾದ ಪೆಟ್ಟಿಗೆ, ಡೋಲಿನ ಏಟಿಗೆ ಕ್ಷಣಮಾತ್ರ ಹತ್ತು ಇಪ್ಪತ್ತು ಪಟ್ಟು ಬೇಕು. ಅಂದರೆ ಚಾನೆಲ್‌ಗೆ 20 ವಾಟ್ ನಿಜವಾದದ್ದಿದ್ದರೆ ಹಾಲ್‌ಗೆ ಧಾರಾಳ.

ಹಳೇ ಮಿನಿ ಸಿಸ್ಟಮ್

ಸಿಡಿ, ಎರಡು ಕ್ಯಾಸೆಟ್ ಡೆಕ್, ರೇಡಿಯೋ, ಬೇರೆ ಬೇರೆ ಎರಡು ಸ್ಪೀಕರ್ ಇರುವ ಸೆಟ್. ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ನಾಲ್ಕರಲ್ಲಿ ರೇಡಿಯೋ ಚೆನ್ನಾಗಿ ಎಳೆದದ್ದು ಇದೊಂದೇ. ಮರದ ಡಬ್ಬಿಯ ಸ್ಪೀಕರ್ ಇರುವ ಮಾದರಿಗಳಲ್ಲಿ ಹಾರ್ಮೋನಿಯಂನ ಕೆಳಸ್ವರ ತುಂಬಿ ಬರುತ್ತದೆ. ತಕರಾರು ಇರುವುದು ವಯಸ್ಸಿನದು. ಕೊಳ್ಳುವ ಮುಂಚೆ ಇಷ್ಟು ನೋಡಿ:

ಸ್ಪೀಕರ್ ಜಾಲರಿ ತೆಗೆದು ಕೋನ್‌ನ (ಅದುರಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಕರಕರ ಎಂದರೆ ಅದರ ಹಿಂದಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಉಜ್ಜುತ್ತಿದೆ. ಅಂಚಿನ ಸ್ಪಂಜು ಉಗುರಿಗೆ ಪುಡಿಯಾದರೆ ಆ ಸ್ಪೀಕರ್‌ಗೆ ಹೊಸ ಅಂಚು ಅಂಟಿಸಬೇಕು. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಮಲ್ಟಿಮೀಟರ್ ಇಟ್ಟರೆ 6 ಓಮ್‌ನ ಸ್ಪೀಕರ್ ಸುಮಾರು 5 ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ.

ಆಮೇಲೆ ಸಿಡಿ. ಕಂಪನಿ ಸಿಡಿ ಓದಿ, ಮನೆಯಲ್ಲಿ ಬರೆದ ಸಿಡಿ ಓದದಿದ್ದರೆ ಲೇಸರ್ ಬಳಲಿದೆ ಎಂದರ್ಥ. ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಹತ್ತಿಯಿಂದ ಲೆನ್ಸ್ ಅನ್ನು ಹಗುರವಾಗಿ ಒರೆಸಿ ನೋಡಿ. ಗ್ರಾನೈಟ್ ಕೊಯ್ಯುವ, ಭತ್ತ ಮೆಕ್ಕೆಜೋಳ ಒಕ್ಕುವ ಧೂಳಿನ ಊರುಗಳಲ್ಲಿ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕ್ಯಾಸೆಟ್ ತಿರುಗದೆ ಮೋಟಾರ್ ಮಾತ್ರ ಗುಯ್‌ಗುಟ್ಟಿದರೆ ಬೆಲ್ಟ್ ಕರಗಿದೆ. ಕರಗಿದ ಬೆಲ್ಟ್ ಡಾಂಬರಿನಂತೆ ಪುಲ್ಲಿಗೆ ಮೆತ್ತಿಕೊಂಡಿರುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆಯದೆ ಹೊಸ ಬೆಲ್ಟ್ ಹಾಕಿದರೆ ಹಾಡು ಏಳುತ್ತಾ ಬೀಳುತ್ತಾ ಓಡುತ್ತದೆ. ಪರದೆಯಲ್ಲಿ "ಪ್ರೊಟೆಕ್ಟ್" ಎಂದು ಮಿನುಗಿದರೆ ಸ್ಪೀಕರ್ ವೈರ್ ಬಿಚ್ಚಿಟ್ಟು ಸೆಟ್ ಮಾತ್ರ ಮತ್ತೆ ಆನ್ ಮಾಡಿ. ಆಗ ಆ ಸೂಚನೆ ಹೋದರೆ ವೈರ್ ಅಥವಾ ಸ್ಪೀಕರ್ ಶಾರ್ಟ್. ಹೋಗದಿದ್ದರೆ ಸ್ಪೀಕರ್‌ಗೆ ಶಕ್ತಿ ಕೊಡುವ ಚಿಪ್, ಅಂದರೆ ಔಟ್‌ಪುಟ್ ಐಸಿಯೇ ಕೆಟ್ಟಿರುವುದು ಹೆಚ್ಚು. ಆ ಸೆಟ್ ಬಿಟ್ಟುಬಿಡಿ.

ಹೊರದೇಶದಿಂದ ಬಂದ ಸೆಟ್‌ಗಳಲ್ಲಿ ಇನ್ನೊಂದು ಕಿರಿಕಿರಿ. ಗಲ್ಫ್‌ನಿಂದ ಬಂದವುಗಳ ಹಿಂದೆ ಎಷ್ಟೋ ಸಲ ವೋಲ್ಟೇಜ್ ಸ್ವಿಚ್ ಇರುತ್ತದೆ. 220–240ಕ್ಕೆ ತಿರುಗಿಸದೆ ಪ್ಲಗ್ ಹಾಕಬೇಡಿ. ಅಮೆರಿಕದ ಸೆಟ್ 120 ವೋಲ್ಟ್‌ನದು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಷ್ಟೇ ಅಲ್ಲ, ಅಲ್ಲಿನ ಮೀಡಿಯಂ ವೇವ್ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಸಾಗುತ್ತದೆ, ನಮ್ಮದು 9ರಲ್ಲಿ. ಹಾಗಾಗಿ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮೇಲೆ ಅದು ನಿಲ್ಲುವುದೇ ಇಲ್ಲ. ಕೆಲವು ಸೆಟ್‌ಗಳಲ್ಲಿ ಎಫ್‌ಎಂ ಕೂಡ 102.5ರಿಂದ 102.7ಕ್ಕೆ ಹಾರಿ, ಚಿತ್ರದುರ್ಗ ಆಕಾಶವಾಣಿಯ 102.6 ನಡುವೆಯೇ ಉಳಿದುಬಿಡುತ್ತದೆ.

102.6ಕ್ಕೆ ಆಂಟೆನಾ ಮನೆಯಲ್ಲೇ ಆಗುತ್ತದೆ. ಎರಡೆಳೆ ವೈರ್ ತೆಗೆದುಕೊಂಡು ತುದಿಯಿಂದ 70 ಸೆಂಟಿಮೀಟರ್ ಸೀಳಿ, ಎರಡೆಳೆಯನ್ನೂ ಆಚೆ ಈಚೆ ಚಾಚಿ ಟಿ ಆಕಾರ ಮಾಡಿ ಗೋಡೆಗೆ ಟೇಪ್ ಹಚ್ಚಿ. ಇನ್ನೊಂದು ತುದಿ ಸೆಟ್‌ನ ಎಫ್‌ಎಂ ಟರ್ಮಿನಲ್‌ಗೆ. ಟಿಯ ಅಗಲ ಪ್ರಸಾರ ಕೇಂದ್ರದ ಕಡೆ ಮುಖ ಮಾಡಿರಬೇಕು, ತುದಿ ಅಲ್ಲ. ಚಿತ್ರದುರ್ಗದ ಕೋಟೆಯ ಗುಡ್ಡದ ಮರೆಯ ಮನೆಗಳಲ್ಲಿ ಕಲ್ಲಿಗೆ ಬಡಿದು ಬಂದ ಅಲೆಯೂ ಸೇರಿ ದನಿ ಹರಿದಂತಾಗುತ್ತದೆ. ಅಂಥ ಕಡೆ ಆಂಟೆನಾವನ್ನು ಒಂದೆರಡು ಅಡಿ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಮೊಬೈಲ್ ಹಾಡಿಗೆ ಹಿಂದಿನ ಆಕ್ಸ್ ಅಥವಾ "ವಿಡಿಯೋ ಇನ್" ಕಿಂಡಿಗೆ ಚಿಕ್ಕ ಬ್ಲೂಟೂತ್ ರಿಸೀವರ್ ಸಾಕು. ಮೊಬೈಲ್ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಸೆಟ್‌ನಲ್ಲಿ ತಗ್ಗಿಸಿ. ಉಲ್ಟಾ ಮಾಡಿದರೆ ಹಿಸ್ ಕೇಳಿಸುತ್ತದೆ.

ಬೋರ್ಡ್ ಆಂಪ್ಲಿಫೈಯರ್, ಎರಡು ಸ್ಪೀಕರ್

ಹಾಡನ್ನೇ ಮುಖ್ಯವಾಗಿ ಕೇಳುವವರಿಗೆ ನಮ್ಮ ಮೊದಲ ಆಯ್ಕೆ ಇದು. ಟಿಪಿಎ 3116 ಎಂಬ ಐಸಿ ಕೂರಿಸಿದ, ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಬಗೆಯ ಆಂಪ್ಲಿಫೈಯರ್ ಬೋರ್ಡ್ ಅಂಗೈಯಗಲ ಇರುತ್ತದೆ, ಏಪ್ರಿಲ್ ಸೆಕೆಯಲ್ಲೂ ಬೆಚ್ಚಗಾಗುತ್ತದೆ ಅಷ್ಟೇ. ಜೊತೆಗೆ ನಾಲ್ಕರಿಂದ ಆರೂವರೆ ಇಂಚಿನ ವೂಫರ್ (ಕೆಳಸ್ವರಕ್ಕೆ), ಬೇರೆ ಟ್ವೀಟರ್ (ಮೇಲುಸ್ವರಕ್ಕೆ) ಇರುವ, ಒಳಗೆ ಆಂಪ್ಲಿಫೈಯರ್ ಇಲ್ಲದ ಪ್ಯಾಸಿವ್ ಸ್ಪೀಕರ್ ಜೋಡಿ. ಸೋಬಾನೆ ಪದದಲ್ಲಿ ಮುಂದೆ ಹಾಡುವವರು ನಡುವೆ, ಸೊಲ್ಲು ಎತ್ತಿಕೊಳ್ಳುವವರು ಆಚೀಚೆ ಎಂಬುದು ಸ್ಪಷ್ಟವಾಗಿ ತಿಳಿದದ್ದು ಈ ಜೋಡಿಯಲ್ಲೇ.

ಹೆಚ್ಚಿನವರು ಎಡವುವುದು ಅಡಾಪ್ಟರ್‌ನಲ್ಲಿ. ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಅಡಾಪ್ಟರ್ ಹಾಕಿದರೆ 8 ಓಮ್ ಸ್ಪೀಕರ್‌ಗೆ ಸಿಗುವುದು ಸುಮಾರು 8 ವಾಟ್. ಜೋರು ಮಾಡಿದ ಕೂಡಲೇ ದನಿ ಒಡೆಯುತ್ತದೆ. ಹಳೇ ಲ್ಯಾಪ್‌ಟಾಪ್‌ನ 19 ವೋಲ್ಟ್, 3.42 ಆಂಪಿಯರ್ ಅಡಾಪ್ಟರ್ ಇದ್ದರೆ ಅದೇ ಸ್ಪೀಕರ್‌ಗೆ 20 ವಾಟ್‌ನ ಹತ್ತಿರ ಬರುತ್ತದೆ, ಇಷ್ಟು ಸಾಕು. 24 ವೋಲ್ಟ್ ಕೊಡಬಹುದು, ಆದರೆ ಐಸಿಯ ಮಿತಿ 26. ಅಗ್ಗದ ಬೋರ್ಡ್‌ಗಳಲ್ಲಿ 25 ವೋಲ್ಟ್ ಕೆಪಾಸಿಟರ್ ಹಾಕಿರುವುದೂ ಉಂಟು, ಅದು ಉಬ್ಬಲು ಹೆಚ್ಚು ಕಾಲ ಬೇಡ.

ಇನ್ನೊಂದು ಕಡ್ಡಾಯ: ಈ ಆಂಪ್ಲಿಫೈಯರ್‌ನಲ್ಲಿ ಎರಡು ಸ್ಪೀಕರ್‌ಗಳ ಮೈನಸ್ ಒಂದಾಗಕೂಡದು. ವೈರ್ ಉಳಿಸಲು ಮೂರೇ ಎಳೆ ಎಳೆದು ಮೈನಸ್ ಜಂಟಿ ಮಾಡುವ ಹಳೇ ಅಭ್ಯಾಸ ಕೆಲವು ಕೆಲಸಗಾರರಿಗೆ ಇದೆ. ಇಲ್ಲಿ ಮೈನಸ್‌ನಲ್ಲೂ ಸಿಗ್ನಲ್ ಹರಿಯುತ್ತದೆ. ಜಂಟಿ ಮಾಡಿದರೆ ಐಸಿ ಬಾಯಿ ಮುಚ್ಚುತ್ತದೆ, ಇಲ್ಲ ಸುಡುತ್ತದೆ. ಪ್ರತಿ ಸ್ಪೀಕರ್‌ಗೂ ಪ್ರತ್ಯೇಕ ಎರಡೆಳೆ, 1 ಚದರ ಮಿಲಿಮೀಟರ್ ತಾಮ್ರದ್ದು. ಐದು ಮೀಟರ್ ಓಟಕ್ಕೆ ಹೋಗಿಬರುವ ತಡೆ 0.2 ಓಮ್‌ಗಿಂತ ಕಡಿಮೆ, ಅದಕ್ಕಿಂತ ದಪ್ಪಗಿನದಕ್ಕೆ ದುಡ್ಡು ಸುರಿಯುವುದು ದಂಡ.

ಸ್ಥಳೀಯವಾಗಿ ಜೋಡಿಸಿಕೊಡುವ 4440 ಐಸಿಯ ಸೆಟ್ಟನ್ನೂ ಪಕ್ಕದಲ್ಲಿಟ್ಟು ಕೇಳಿದೆವು. ಎಲ್‌ಎ 4440 ಸ್ಟೀರಿಯೋದಲ್ಲಿ ಕೊಡುವುದು ಚಾನೆಲ್‌ಗೆ 6 ವಾಟ್ ಮಾತ್ರ, ಆದರೂ ದನಿ ಮೆದು, ಕೆಟ್ಟರೆ ಯಾವ ರಿಪೇರಿ ಅಂಗಡಿಯಲ್ಲೂ ಸರಿಯಾಗುತ್ತದೆ. ಟೈಲರಿಂಗ್ ಅಂಗಡಿಗೆ, ಹೋಟೆಲ್ ಗಲ್ಲಾಕ್ಕೆ ಇದಕ್ಕಿಂತ ಬೇಕಿಲ್ಲ. ಹೀಟ್‌ಸಿಂಕ್ ಅಂಗೈಯಷ್ಟಾದರೂ ಇರಬೇಕು. ಸುಮ್ಮನಿದ್ದಾಗಲೂ ಗುಂಯ್ ಎಂದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಥವಾ ಚಿಕ್ಕದಾಯಿತು. 4700 ಮೈಕ್ರೋಫ್ಯಾರಡ್‌ನದು ಹಾಕಿಸಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬದಲಾದಾಗ ಮಾತ್ರ ಗುಂಯ್ ಎಂದರೆ ಅದು ಟ್ರಾನ್ಸ್‌ಫಾರ್ಮರ್‌ನ ಗೋಳು, ಸೆಟ್‌ನ ತಪ್ಪಲ್ಲ.

ಪವರ್ಡ್ ಸ್ಪೀಕರ್

ಆಂಪ್ಲಿಫೈಯರ್ ಒಂದು ಸ್ಪೀಕರ್‌ನ ಒಳಗೇ ಇರುತ್ತದೆ. ಡಬ್ಬಿ ಬಿಚ್ಚಿ ಕಾಲು ಗಂಟೆಯೊಳಗೆ ಹಾಡು ಬೇಕೆನ್ನುವವರಿಗೆ ಇದು. ದನಿಯಲ್ಲಿ ಬೋರ್ಡ್ ಜೋಡಿಗೆ ಹೆಚ್ಚೇನೂ ಬಿಟ್ಟುಕೊಡುವುದಿಲ್ಲ. ಕೊರತೆ ಎರಡು: ಎರಡನೇ ಸ್ಪೀಕರ್‌ಗೆ ಕೊಡುವ ವೈರ್ ಗಿಡ್ಡ, ಬೇರೆ ಉದ್ದನೆಯದು ತರಬೇಕು, ಒಳಗಿನ ಬೋರ್ಡ್ ಕೆಟ್ಟರೆ ಜೋಡಿಯೇ ಮೂಲೆಗೆ. ರಾತ್ರಿ ಮೆಲ್ಲಗೆ ಕೇಳುವವರು ಆಟೋ ಸ್ಟ್ಯಾಂಡ್‌ಬೈ ಇದೆಯೇ ಕೇಳಿಕೊಳ್ಳಿ. ಕೆಲವು ಸೆಟ್ ಸಣ್ಣ ದನಿಯನ್ನು ಮೌನವೆಂದೇ ತಿಳಿದು ಹಾಡಿನ ನಡುವೆ ಮಲಗಿಬಿಡುತ್ತವೆ.

ಟಿವಿಗೂ ಅದೇ ಬೇಕೆಂದರೆ ಆಪ್ಟಿಕಲ್ ಕೇಬಲ್ ಹಚ್ಚಿ, ಟಿವಿಯ ಆಡಿಯೋ ಸೆಟ್ಟಿಂಗ್‌ನಲ್ಲಿ "ಪಿಸಿಎಂ" (ಬಿಡಿಸಬೇಕಿಲ್ಲದ ಸಾದಾ ಡಿಜಿಟಲ್ ದನಿ) ಆರಿಸಿ. ಡಾಲ್ಬಿಯಲ್ಲೇ ಬಿಟ್ಟರೆ ಎಷ್ಟೋ ಪವರ್ಡ್ ಸ್ಪೀಕರ್‌ಗಳಿಗೆ ಅದನ್ನು ಬಿಡಿಸಲು ಬರುವುದಿಲ್ಲ, ದನಿಯೇ ಇರುವುದಿಲ್ಲ. ಜನ ಪೀಸು ಕೆಟ್ಟಿದೆಯೆಂದು ವಾಪಸು ಹೊತ್ತೊಯ್ಯುತ್ತಾರೆ. ಬ್ಲೂಟೂತ್‌ನಲ್ಲಿ ಟಿವಿ ಕೇಳಿದರೆ ತುಟಿ ಮುಂದೆ, ಮಾತು ಹಿಂದೆ.

ಟವರ್, ಸೌಂಡ್‌ಬಾರ್, 2.1

ಟವರ್ ಗಣಪತಿ ಪೆಂಡಾಲ್‌ಗೆ, ಅಂಗಳದ ಹುಟ್ಟುಹಬ್ಬಕ್ಕೆ ಸರಿ. ಹಾಲ್‌ನಲ್ಲಿ ಬೇಸ್ ಗೋಡೆಗೆ ಗುದ್ದಿ ವಾರ್ತೆ ಓದುವವರ ದನಿಯೂ ಗಂಟಲು ಕಟ್ಟಿದಂತೆ ಕೇಳುತ್ತದೆ. ಸೌಂಡ್‌ಬಾರ್ ಧಾರಾವಾಹಿಯ ಮಾತಿಗೆ ಒಳ್ಳೆಯದು, ಹಾಡಿಗೆ ಸಾಧಾರಣ. 2.1 ಎಂದರೆ ಸ್ಯಾಟಲೈಟ್ ಎನ್ನುವ ಎರಡು ಪುಟ್ಟ ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್. ಮೂರಿಂಚಿನ ಸ್ಯಾಟಲೈಟ್‌ಗಳ ಇಂಥ ಸೆಟ್‌ನಲ್ಲಿ ಸಬ್‌ವೂಫರ್ ನಿಲ್ಲುವ ಕಡೆಗೂ ಸ್ಯಾಟಲೈಟ್ ಶುರುವಾಗುವ ಕಡೆಗೂ ನಡುವೆ ಹಳ್ಳ ಬಿದ್ದಿರುತ್ತದೆ. ಗಂಡು ದನಿಯ ತೂಕ ಇರಬೇಕಾದ್ದು ಅಲ್ಲೇ.

ಇಡುವ ಕ್ರಮ

ಯಾವ ಸೆಟ್ ತಂದರೂ ಅರ್ಧ ಫಲಿತಾಂಶ ಇದರಲ್ಲಿದೆ. ಸ್ಪೀಕರ್‌ಗಳ ನಡುವೆ ಆರಡಿ, ಕೂರುವ ಜಾಗಕ್ಕೆ ಆರರಿಂದ ಎಂಟಡಿ, ಮುಖ ಸ್ವಲ್ಪ ಒಳಗೆ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ: ಸೋಫಾದಲ್ಲಿ ಕೂತರೆ ಸುಮಾರು ಮೂರೂವರೆ ಅಡಿ, ಚಾಪೆಯ ಮೇಲೆ ಕೂರುವವರಿಗೆ ಎರಡೂವರೆ. ಶೋಕೇಸ್‌ನ ಒಳಗೆ, ಹಳೇ ಮನೆಯ ಗೋಡೆಗೂಡಿನಲ್ಲಿ ಇಟ್ಟರೆ ಬೇಸ್ ಬುಸುಗುಡುತ್ತದೆ, ಗಾಜು ಅದುರುತ್ತದೆ. ಹಿಂದೆ ತೂತಿರುವ ಸ್ಪೀಕರ್ ಗೋಡೆಯಿಂದ ಒಂದಡಿಯಾದರೂ ಮುಂದಿರಬೇಕು. ಜಾಗವಿಲ್ಲದಿದ್ದರೆ ತೂತಿಗೆ ಒಂದು ಕಾಲುಚೀಲ ತುರುಕಿ. ಅಡಿಗೆ ಹಳೇ ಹವಾಯಿ ಚಪ್ಪಲಿಯ ನಾಲ್ಕು ತುಂಡು ಸಾಕು.

ಹಾಲ್ ನಡುವೆ ನಿಂತು ಚಪ್ಪಾಳೆ ತಟ್ಟಿ. ಟಿರ್‌ರ್ ಎಂದು ಮರುದನಿ ಬಂದರೆ ನೆಲಕ್ಕೊಂದು ಜಮಖಾನ ಹಾಸಿ, ಸ್ಪೀಕರ್ ಎದುರಿನ ಬೋಳು ಗೋಡೆಗೆ ಚಳ್ಳಕೆರೆಯ ಕಂಬಳಿ ತೂಗುಹಾಕಿ. ಗೋಡೆಯಿಂದ ಎರಡಿಂಚು ಬಿಟ್ಟು ತೂಗಿದರೆ ಇನ್ನೂ ವಾಸಿ.

ಎರಡೂ ಸ್ಪೀಕರ್ ಹಾಡುತ್ತಿದ್ದರೂ ಬೇಸ್ ಮಾಯವಾಗಿ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯದಿದ್ದರೆ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ. ವೈರ್ ಗುರುತು ಅಳಿಸಿದ್ದರೆ ಆಂಪ್ಲಿಫೈಯರ್‌ನಿಂದ ಬಿಚ್ಚಿ, 1.5 ವೋಲ್ಟ್ ಪೆನ್ಸಿಲ್ ಸೆಲ್‌ಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಮುಂದಕ್ಕೆ ಬಂದರೆ ಸೆಲ್‌ನ ಪ್ಲಸ್‌ಗೆ ತಾಗಿದ ಎಳೆಯೇ ಪ್ಲಸ್. ಟಿವಿ ಕೇಬಲ್ ಹಚ್ಚಿದಾಗ ಮಾತ್ರ ಗುಂಯ್ ಎಂದರೆ ಅದು ಎರಡು ಅರ್ಥಿಂಗ್‌ಗಳ ಜಗಳ: ಆಪ್ಟಿಕಲ್‌ಗೆ ಬದಲಿಸಿ ಅಥವಾ ಆಡಿಯೋ ವೈರ್‌ಗೆ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲಬಹುದು, ಆದರೆ ಸೆಟ್‌ನ ಲೋಹದ ಮೈ ಶಾಕ್ ಹೊಡೆಯಬಹುದು. ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಮತ್ತು ಹೊರಗಿನ ಆಂಟೆನಾ ಎರಡನ್ನೂ ಮೋಡ ಕಟ್ಟುವಾಗಲೇ ಕಿತ್ತಿಡಿ.