ಲಿನಕ್ಸ್ ಮಿಂಟ್, ಎರಡು ವರ್ಷದ ಬಳಕೆಯ ನಂತರ: ಜಗಳವೆಲ್ಲ ಕೀಲಿಮಣೆಯದ್ದೇ

ದೂರಿನಿಂದಲೇ ಶುರು ಮಾಡುತ್ತೇನೆ. ವಿಂಡೋಸ್ ಜಾಗಕ್ಕೆ ಉಚಿತವಾಗಿ ಸಿಗುವ ಕಾರ್ಯಾಚರಣ ವ್ಯವಸ್ಥೆ ಮಿಂಟ್ ಅನ್ನು ಹಾಕಿ, ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದು, ಪಟ್ಟಿಯಲ್ಲಿ ‘ಕನ್ನಡ ಕಗಪ ಫೋನೆಟಿಕ್’ ಕಂಡ ಖುಷಿಯಲ್ಲಿ ಅದನ್ನೇ ಆರಿಸಿಕೊಂಡರೆ ಹತ್ತೇ ನಿಮಿಷದಲ್ಲಿ ತಲೆ ಕೆಡುತ್ತದೆ. ಹೆಸರು ‘ನುಡಿ’ ತಂತ್ರಾಂಶದ ಕೀಲಿಮಣೆ ವಿನ್ಯಾಸದ್ದು, ನಡವಳಿಕೆ ಮಾತ್ರ ಅದರದ್ದಲ್ಲ. ನುಡಿಯಲ್ಲಿ ಐ ಕೀ ಒತ್ತಿದರೆ ಪದದ ಮೊದಲಲ್ಲಿ ‘ಇ’ ಬರುತ್ತದೆ, ವ್ಯಂಜನದ ಬೆನ್ನಿಗೇ ಒತ್ತಿದರೆ ಗುಡಿಸು ಬರುತ್ತದೆ. ಮಿಂಟಿನ ಈ ಪಟ್ಟಿಯಲ್ಲಿರುವ ವಿನ್ಯಾಸಕ್ಕೆ ಹಿಂದಿನ ಅಕ್ಷರ ಯಾವುದೆಂದು ನೋಡುವ ಶಕ್ತಿಯೇ ಇಲ್ಲ. ಒಂದು ಕೀಗೆ ಒಂದು ಚಿಹ್ನೆ, ಅಷ್ಟೇ. ಹಾಗಾಗಿ ಸ್ವರಕ್ಕೊಂದು ಒತ್ತು, ಅದರ ಕಾಗುಣಿತದ ಗುರುತಿಗೆ ಇನ್ನೊಂದು ಒತ್ತು ಎಂದು ಬೇರೆ ಬೇರೆ ನೆನಪಿಟ್ಟುಕೊಳ್ಳಬೇಕು. ವರ್ಷಗಟ್ಟಲೆ ನುಡಿಯಲ್ಲಿ ಬೆರಳು ಪಳಗಿದವರಿಗೆ ಇದು ಆಗದ ಮಾತು. ‘ಲಿನಕ್ಸ್‌ನಲ್ಲಿ ಕನ್ನಡ ಸರಿ ಬರಲ್ಲ’ ಎಂದು ಎಷ್ಟೋ ಜನ ವಾಪಸ್ ಹೋಗುವುದು ಇಲ್ಲಿಂದಲೇ.

ನಿಜವಾದ ದಾರಿ ಐಬಸ್, ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ತಂತ್ರಾಂಶ. ಸಾಫ್ಟ್‌ವೇರ್ ಮ್ಯಾನೇಜರ್ ಅಥವಾ ಸಿನಾಪ್ಟಿಕ್ ತೆರೆದು ಐಬಸ್, ಐಬಸ್-ಎಂ17ಎನ್ ಎರಡನ್ನೂ ಹಾಕಿಕೊಳ್ಳಿ. ಮೆನುವಿನ ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಒಳಗೆ ಬನ್ನಿ. ಲಾಗ್‌ಔಟ್ ಮಾಡದೆ ‘ಏನೂ ಬದಲಾಗಲಿಲ್ಲ’ ಎಂದು ಎಲ್ಲವನ್ನೂ ಕಿತ್ತು ಮತ್ತೆ ಹಾಕುವುದು ಇಲ್ಲಿ ಆಗುವ ದೊಡ್ಡ ತಪ್ಪು. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ, ನುಡಿಯಂತೆಯೇ ನಡೆಯುವ ವಿನ್ಯಾಸ ಇದು. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಆ ವಿನ್ಯಾಸ, ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವವರಿಗೆ ಐಟ್ರಾನ್ಸ್ ಕೂಡ ಅಲ್ಲೇ ಸಿಗುತ್ತವೆ. ಮೊದಲು ಆರಿಸಿದ್ದ ಹಳೆಯ ಕನ್ನಡ ವಿನ್ಯಾಸವನ್ನು ಕೀಬೋರ್ಡ್ ಸೆಟ್ಟಿಂಗ್ಸ್‌ನಿಂದ ತೆಗೆದುಹಾಕಲೇಬೇಕು. ಎರಡೂ ಇದ್ದರೆ ಒಂದರ ಮೇಲೊಂದು ಕೂತು ಅಕ್ಷರ ಹುಚ್ಚಾಪಟ್ಟೆ ಬರುತ್ತದೆ.

ಇಷ್ಟಾದ ಮೇಲೆ ಕನ್ನಡಕ್ಕೆ ಬದಲಾಗಲು ಸೂಪರ್ ಕೀ (ವಿಂಡೋಸ್ ಗುರುತಿನದು), ಸ್ಪೇಸ್ ಎರಡನ್ನೂ ಕೂಡಿಸಿ ಒತ್ತಿ. ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಒತ್ತಿಗೆ ‘ಕನ್ನಡ’. ಎಫ್ ಒತ್ತಿದಾಗ ‘ನ’ ಒಂದು ಕ್ಷಣ ‘ನ್’ ಆಗಿ ನಿಲ್ಲುತ್ತದೆ, ಮುಂದಿನ ಎನ್ ಬಿದ್ದ ತಕ್ಷಣ ಒತ್ತು ಕೆಳಗೆ ಬಂದು ಕೂರುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸದ ಸೊಗಸು ಗೊತ್ತಾಗುವುದೇ ಹೀಗೆ ನಿಧಾನಕ್ಕೆ ನೋಡಿದಾಗ.

ಇನ್ನೊಂದು ಸಣ್ಣ ವಿಷಯ ಇದೆ, ಬರೆಯುವವರಿಗೆ ದೊಡ್ಡದು. ‘ಲಿನಕ್ಸ್‌ನಲ್ಲಿ’ ಎಂದು ಟೈಪಿಸುವಾಗ ಸಕಾರದ ಕೆಳಗೆ ನಕಾರ ಒತ್ತಾಗಿ ಸೇರಿಬಿಡಬಾರದು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಅಕ್ಷರವೊಂದು ಬೇಕು. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, 200ಸಿ ಎಂದು ಹೊಡೆದು ಸ್ಪೇಸ್ ಕೊಟ್ಟರೆ ಅದು ಬೀಳುತ್ತದೆ. ದಿನಕ್ಕೆ ನೂರು ಸಲ ಇದನ್ನೇ ಮಾಡಲಾಗದು. ಕೀಬೋರ್ಡ್ ಆಪ್ಷನ್‌ಗಳಲ್ಲಿ ಸ್ಪೇಸ್ ಕೀಯ ಎರಡನೇ ಹಂತಕ್ಕೆ ‘ಝೀರೋ-ವಿಡ್ತ್ ನಾನ್-ಜಾಯ್ನರ್’ ಎಂದು ಆರಿಸಿಕೊಳ್ಳಿ, ಐಬಸ್‌ನಲ್ಲಿ ‘ಸಿಸ್ಟಮ್ ಕೀಬೋರ್ಡ್ ಲೇಔಟ್ ಬಳಸು’ ಎಂಬುದಕ್ಕೆ ಟಿಕ್ ಇಡಿ. ಅಲ್ಲಿಂದ ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಸಾಕು.

ಈ ಒಂದು ಗಂಟೆಯ ಕೆಲಸ ಮುಗಿದ ಮೇಲೆ ಸಿಟ್ಟು ಇಳಿದುಹೋಗುತ್ತದೆ. ಕಡತದ ಹೆಸರು, ಫೋಲ್ಡರ್, ಹುಡುಕಾಟ, ಬ್ರೌಸರ್, ಮೇಲ್, ಎಲ್ಲ ಕಡೆ ಒಂದೇ ಕನ್ನಡ, ಪ್ರತ್ಯೇಕ ತಂತ್ರಾಂಶ ತೆರೆದಿಡುವ ಗೋಜೇ ಇಲ್ಲ. ಫಾಂಟ್‌ಗಳಲ್ಲಿ ನೋಟೋ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಗುಬ್ಬಿ, ನವಿಲು ಎರಡೂ ಸಾಫ್ಟ್‌ವೇರ್ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಕೈಬರಹದ ಚೆಲುವಿರುವ ನವಿಲು ಆಮಂತ್ರಣ ಪತ್ರಿಕೆಗೆ ಹೇಳಿ ಮಾಡಿಸಿದಂತಿದೆ. ಟರ್ಮಿನಲ್ ಒಂದರಲ್ಲಿ ಮಾತ್ರ ಒತ್ತಕ್ಷರ ಒಡೆದು ಕಾಣುತ್ತದೆ. ಕಡತಕ್ಕೇನೂ ಆಗಿರುವುದಿಲ್ಲ, ಗಾಬರಿ ಬೇಡ.

ಲಿಬ್ರೆಆಫೀಸ್‌ನಲ್ಲಿ ‘ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ’ ಎನ್ನುವವರಿಗೆ ಕಾರಣ ಇಷ್ಟು: ಅದು ಇಂಗ್ಲಿಷ್‌ಗೊಂದು, ಭಾರತೀಯ ಲಿಪಿಗಳಿಗೊಂದು ಫಾಂಟ್ ಮತ್ತು ಅಳತೆಯನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ದಾರಿಯಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಚಾಲೂ ಮಾಡಿ ಕನ್ನಡ ಆರಿಸಿ. ನಂತರ ಸ್ಟೈಲ್‌ನಲ್ಲಿ ಆ ವಿಭಾಗದ ಫಾಂಟ್ ಹೊಂದಿಸಿ. ಹಳೆಯ ನುಡಿ, ಬರಹ ಕಡತಗಳ ಕತೆ ಬೇರೆ. ಯೂನಿಕೋಡ್‌ಗೆ ಮುಂಚಿನವು ತೆರೆದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ‘ನುಡಿ 01 ಇ’ ಫಾಂಟ್ ಹಾಕಿದರೆ ಓದಲು ಬರುತ್ತದೆ, ಹುಡುಕಲು ಬರುವುದಿಲ್ಲ. ಶಾಶ್ವತವಾಗಿ ಉಳಿಯಬೇಕಾದ್ದನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ. ಪರಿವರ್ತನೆ ತಪ್ಪುವುದು ಹೆಚ್ಚಾಗಿ ಅಲ್ಲೇ.

ಇನ್‌ಸ್ಟಾಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೆನ್‌ಡ್ರೈವ್ 4 ಜಿಬಿಯದ್ದಾದರೂ ಇರಲಿ. ಡೌನ್‌ಲೋಡ್ ಆದ ಕಡತದ ಚೆಕ್‌ಸಮ್ (ಕಡತ ಕೆಡದೆ ಬಂದಿದೆಯೇ ಎಂದು ತೋರುವ ಸಂಕೇತ) ತಾಳೆ ನೋಡಿ, ಪೆನ್‌ಡ್ರೈವ್‌ಗೆ ಬರೆಯುವ ತಂತ್ರಾಂಶಗಳಾದ ಎಚರ್ ಅಥವಾ ರೂಫಸ್‌ನಲ್ಲಿ ಬರೆಯಿರಿ. ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ಅರ್ಧ ಗಂಟೆ ನಡೆಸಿ ವೈಫೈ, ಸದ್ದು, ಬೆಳಕಿನ ಕೀ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಾಗುವುದು, ಇವನ್ನು ಪರೀಕ್ಷಿಸಿ. ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಡಿ, ನೆಟ್ ಬರುತ್ತದೆ. ಮಿಂಟ್ ಹಾಕಿದ ಮೇಲೆ ಅದೇ ನೆಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಬೇಕಾದ್ದನ್ನು ಇಳಿಸಿಕೊಳ್ಳುತ್ತದೆ. ಸೆಕ್ಯೂರ್ ಬೂಟ್ (ಒಪ್ಪಿಗೆಯಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಕಾವಲು) ಇರುವ ಯಂತ್ರದಲ್ಲಿ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಿದ್ದರೆ, ಮರುಚಾಲನೆಯಲ್ಲಿ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅವಸರದಲ್ಲಿ ‘ಕಂಟಿನ್ಯೂ’ ಒತ್ತಿದರೆ ಹಾಕಿದ ಡ್ರೈವರ್ ಕೆಲಸವೇ ಮಾಡುವುದಿಲ್ಲ.

ವಿಂಡೋಸ್ ಪಕ್ಕದಲ್ಲೇ ಇಟ್ಟುಕೊಳ್ಳುವವರು ಮೊದಲು ಅಲ್ಲಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆಗ ಮಿಂಟಿನಿಂದ ಆ ಡಿಸ್ಕಿಗೆ ಏನೂ ಬರೆಯಲಾಗದು. ಗಡಿಯಾರದ ಗೊಂದಲವೂ ಇದೆ. ಮಿಂಟ್ ಮದರ್‌ಬೋರ್ಡಿನ ಗಡಿಯಾರವನ್ನು ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ಬೆಳಗ್ಗೆ 9ಕ್ಕೆ ವಿಂಡೋಸ್ 3:30 ತೋರಿಸಿದರೆ ಬ್ಯಾಟರಿ ಹೋಗಿಲ್ಲ, ಭಾರತದ ಐದೂವರೆ ಗಂಟೆಯ ವ್ಯತ್ಯಾಸ ಅದು. ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯ ಸೆಟ್-ಲೋಕಲ್-ಆರ್‌ಟಿಸಿ ಆಯ್ಕೆಗೆ 1 ಕೊಟ್ಟರೆ ಮಿಂಟ್ ಕೂಡ ಸ್ಥಳೀಯ ಸಮಯಕ್ಕೆ ಒಗ್ಗಿಕೊಳ್ಳುತ್ತದೆ.

ಶನಿವಾರದ ಒಂದು ಕೆಲಸ ಈಗ ರೂಢಿಯಾಗಿಬಿಟ್ಟಿದೆ. ಮೊದಲು ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್, ಅಂದರೆ ಎಡವಟ್ಟಾದರೆ ಮರಳಲು ವ್ಯವಸ್ಥೆಯ ಪ್ರತಿ, ಆಮೇಲೆ ಕೆಳಪಟ್ಟಿಯ ಗುರಾಣಿ ಚಿತ್ರ ಒತ್ತಿ ಅಪ್‌ಡೇಟ್. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಮುಗಿಯುತ್ತದೆ, ‘ಆಫ್ ಮಾಡಬೇಡಿ’ ಎಂದು ಹೆದರಿಸುವ ಪರದೆ ಇಲ್ಲ. ನಿಧಾನವಾದರೆ ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ಹತ್ತಿರದ ಮಿರರ್ (ಅದೇ ಕಡತಗಳ ನಕಲಿಟ್ಟಿರುವ ಸರ್ವರ್) ಆರಿಸಿ. ಟೈಮ್‌ಶಿಫ್ಟ್ ಕಾಪಾಡುವುದು ವ್ಯವಸ್ಥೆಯನ್ನು ಮಾತ್ರ, ಹೋಮ್ ಫೋಲ್ಡರಿನ ಫೋಟೋಗಳನ್ನಲ್ಲ ಎಂಬುದು ನೆನಪಿರಲಿ. ಸ್ನ್ಯಾಪ್‌ಶಾಟ್‌ಗೆ ಲಿನಕ್ಸ್ ಮಾದರಿಯ ವಿಭಾಗವೇ ಬೇಕು. ಎರಡು ಮೂರಕ್ಕಿಂತ ಹೆಚ್ಚು ಇಟ್ಟರೆ 30 ಜಿಬಿಯ ರೂಟ್ (ವ್ಯವಸ್ಥೆ ಕೂರುವ ವಿಭಾಗ) ತುಂಬಿ ಲಾಗಿನ್ ಕೂಡ ಆಗದ ಸ್ಥಿತಿ ಬರುತ್ತದೆ. ರೂಟ್‌ಗೆ 60 ಜಿಬಿ ಕೊಟ್ಟು ಹೋಮ್ ಬೇರೆ ಇಡುವುದು ಕ್ಷೇಮ.

ಖರ್ಚು? ಹಳೆಯ ಹಾರ್ಡ್‌ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್ ಇದ್ದದ್ದು 8 ಆಯಿತು, ಅಷ್ಟೇ. 4ರಲ್ಲೇ ಉಳಿಯುವವರು ಮಿಂಟಿನ ಸಿನಮನ್ ಆವೃತ್ತಿ ಬಿಟ್ಟು ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಸಾಮಾನ್ಯವಾಗಿ ಮುಗಿದರೂ ಈ ಲ್ಯಾಪ್‌ಟಾಪ್ ಗುಜರಿಗೆ ಹೋಗಲಿಲ್ಲ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಮತ್ತು ಡಿಜಿಟಲ್ ಸಹಿಯ ಟೋಕನ್ ಬೇಕಾದ ದಿನಗಳಿಗೆಂದು 80 ಜಿಬಿಯ ವಿಂಡೋಸ್ ವಿಭಾಗವೊಂದು ಇನ್ನೂ ಉಳಿದಿದೆ. ಅದನ್ನು ತೆರೆಯುವುದು ತಿಂಗಳಿಗೊಮ್ಮೆ.